ನಾಲ್ಕು ಬೊಂಬು, ಒಂದು ಕೆಮ್ಮು

ಆಗಸ್ಟ್ 19, 2024, ಸೋಮವಾರ. ಬೆಳಗ್ಗೆ 11

ಮುಖ ಕೆಳಗೆ — ನಾಲ್ಕನೆಯ ದಿನ. ಎಡಗಣ್ಣಿನ ರೆಟಿನಾ ಕಳಚಿತ್ತು. ಆಪರೇಷನ್ ಮಾಡಿ ಒಳಗೆ ಗ್ಯಾಸಿನ ಗುಳ್ಳೆಯೊಂದನ್ನು ಬಿಟ್ಟಿದ್ದಾರೆ. ಆ ಗುಳ್ಳೆ ರೆಟಿನಾವನ್ನು ಒತ್ತಿ ಹಿಡಿಯಬೇಕಾದರೆ ನಾನು ದಿನಕ್ಕೆ ಹದಿನಾರು ತಾಸು ನೆಲ ನೋಡುತ್ತ ಕೂಡಬೇಕು. ಓದು ಬೇಡವೆಂದಿದ್ದಾರೆ. ಬರೆಯಬೇಡಿ ಎಂದಿಲ್ಲ, ನಾನೂ ಕೇಳಿಲ್ಲ.

ಇಪ್ಪತ್ತೆರಡು ವರ್ಷ ಮಕ್ಕಳಿಗೆ ಕುದುರೆ ಸವಾರಿ ಕಲಿಸಿದೆ. ಪಾಠ ಒಂದೇ: ಕುದುರೆಯ ಕುತ್ತಿಗೆ ನೋಡಬೇಡಿ, ತಲೆ ಎತ್ತಿ, ಮುಂದೆ ನೋಡಿ. ಈಗ ನನಗೆ ಕಾಣುವುದು ನೆಲಹಾಸಿನ ಆರು ಫರಸಿಕಲ್ಲು, ನಿರುಪಮಾಳ ಪಾದ.

"ಲಗ್ನ ಆಗಿ ಮೂವತ್ನಾಕು ವರ್ಷಕ್ಕ ನನ್ನ ಮುಂದ ತೆಲಿ ತಗ್ಗಿಸಿ ಕೂತೀರಿ," ಎಂದಳು. "ಡಾಕ್ಟರಿಗೆ ಬ್ಯಾರೆ ಥ್ಯಾಂಕ್ಸ್ ಹೇಳಿ ಬಂದೇನಿ."

ಕುದುರೆಯ ಮಾತು ತೆಗೆದಾಗ ಡಾಕ್ಟರು ನಕ್ಕರು. "ಸದ್ಯ ಆಟೋನೂ ಬ್ಯಾಡ್ರಿ ಸರ್. ಮೂರು ತಿಂಗಳ ಆಗ್ಲಿ, ನೋಡೋಣ."

ಮೂರು ತಿಂಗಳು.

ಸೆಪ್ಟೆಂಬರ್ 22, ರವಿವಾರ

ಇಂದು ಮೈದಾನಕ್ಕೆ ಹೋದೆ. ಏರಲು ಅಲ್ಲ, ನಿಂತು ಕಲಿಸಲು. ಲಕಮನಹಳ್ಳಿಯ ಫ್ಯಾಕ್ಟರಿಗಳ ಹಿಂದಿನ ನಮ್ಮ ಎರಡೂವರೆ ಎಕರೆ, ಕುದುರೆ ಮೂರು. ಮುದಿ ಗುಲಕಂದಾ ನನ್ನ ಎಡಗಡೆಯಿಂದ ಬಂದು ಕಿಸೆಗೆ ಮೂತಿ ಹಾಕಿದಳು. ಅವಳು ಬಂದದ್ದೇ ಕಾಣಲಿಲ್ಲ. ಬೆಲ್ಲವನ್ನಂತೂ ತಿಂದಳು.

ನನ್ನ ಹಳೆಯ ಶಿಷ್ಯೆ ಋತುಜಾ ಎತ್ತರವಾಗಿದ್ದಾಳೆ. ಹದಿನಾರು. ಪುಟ್ಟ ಚಿನ್ಮಯೀಗೆ ಬೂಟಿನ ಲೇಸು ಕಟ್ಟಿಕೊಡುತ್ತಿದ್ದಳು. ಇಂಥದನ್ನು ನಾನು ಯಾರಿಗೂ ಕಲಿಸಿಲ್ಲ.

ಬೊಂಬುಗಳನ್ನು ನಾನೇ ಹಾಸಿದೆ. ನಾಲ್ಕು ಬೊಂಬು, ನಡುವೆ ನಾಲ್ಕೂವರೆ ಅಡಿ. ಟ್ರಾಟ್‌ನಲ್ಲಿ, ಅಂದರೆ ಮೆಲ್ಲೋಟದಲ್ಲಿ, ಬರುವ ಕುದುರೆಯ ಕಾಲು ಒಂದಕ್ಕೂ ತಾಗದೆ ದಾಟಬೇಕು. ಟೇಪು ಹಿಡಿದವನಲ್ಲ ನಾನು. ಎಂದಿಗೂ ಕಣ್ಣಳತೆಯೇ. ಅಂತರ ತಪ್ಪಿದರೆ ಕುದುರೆ ಮುಗ್ಗರಿಸುತ್ತದೆ, ಮಗು ಬೀಳುತ್ತದೆ. ಅಂಜುತ್ತಲೇ ಹಾಸಿ, ನೀರು ಕುಡಿದು ಬಂದೆ. ಚಿನ್ಮಯೀ ತುಫಾನನ ಮೇಲೆ ದಾಟಿದಳು. ಒಂದೂ ತಾಗಲಿಲ್ಲ!

ಕುದುರೆ ನೋಡಿಕೊಳ್ಳುವ ಬಾಬುಸಾಬರಿಗೆ ಕೆಮ್ಮು. ವಿಚಾರಿಸಬೇಕು.

ಅಕ್ಟೋಬರ್ 20, ರವಿವಾರ

ಗುಳ್ಳೆ ಕರಗಿದೆ. ಆದರೂ ಮನೆಯಲ್ಲಿ ಕಪ್ಪಿನಿಂದ ಬಸಿಗೆ ಹೊಯ್ದ ಚಹಾ ಮೇಜಿಗೆ ಬೀಳುತ್ತದೆ. ಕೆಳಗಿನ ಮೆಟ್ಟಿಲು ಇದ್ದಲ್ಲಿ ಇರುವುದಿಲ್ಲ. ಮೈದಾನದಲ್ಲಿ ಮಾತ್ರ ನಾನು ಹಾಸಿದ ಬೊಂಬು ಐದು ವಾರದಿಂದ ಕರಾರುವಾಕ್ಕು. ಇದನ್ನು ಬಹಳ ಯೋಚಿಸಿದೆ. ದೀರ್ಘ ಅಭ್ಯಾಸ ಕಣ್ಣಿನಲ್ಲಿರುವುದಿಲ್ಲ, ಮೈಯಲ್ಲಿ ನೆಲೆಸಿರುತ್ತದೆ. ಮಕ್ಕಳಿಗೆ ಹೇಳಿದೆ. ಋತುಜಾ ತಲೆ ತಗ್ಗಿಸಿ ಕೇಳಿದಳು. ವಿನಯವಂತೆ.

ಬಾಬುಸಾಬರ ಕೆಮ್ಮು ಹೆಚ್ಚಾಗಿದೆ, ಅದೂ ನಾನು ಸಮೀಪ ಬಂದಾಗ. ಜ್ಯೇಷ್ಠಮಧು ಒಯ್ದು ಕೊಟ್ಟೆ. "ಯಾಕ್ ತ್ರಾಸ್ ತಗೊಂಡ್ರಿ ಸರ," ಎಂದು ಪೇಚಾಡಿಕೊಂಡರು.

ನವೆಂಬರ್ 18, ಸೋಮವಾರ

ಡಾಕ್ಟರ ಅನುಮತಿ ಸಿಕ್ಕಿತು. ನಡಿಗೆ, ಮೆಲ್ಲನೆಯ ಟ್ರಾಟ್, ಜಿಗಿತ ಬೇಡ. ದೂರದ ಅಂದಾಜು ಮೊದಲಿನಂತೆ ಬರಲಿಕ್ಕಿಲ್ಲ ಎಂದರು. ನನ್ನ ಬೊಂಬುಗಳ ಸಂಗತಿ ಹೇಳಿದೆ. "ಆಶ್ಚರ್ಯ ಅದರಿ," ಎಂದು ಮತ್ತೊಮ್ಮೆ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು.

ಬರುವ ರವಿವಾರ ಏರುತ್ತೇನೆ. ತುಫಾನನನ್ನೇ.

ನಿರುಪಮಾ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. "ಬಿದ್ದು ಬಂದವರು, ಬ್ಯಾನಿ ಬಿದ್ದು ಬಂದವರು ಮೊದಲ ಗುಲಕಂದಾನ ಮ್ಯಾಲೆ, ಆಕೀನ್ನ ಉದ್ದ ಹಗ್ಗಕ್ಕ ಕಟ್ಟಿಸಿ, ಲಗಾಮಿಲ್ಲದ ಸುತ್ತಬೇಕು. ಈ ನೇಮ ಯಾರು ಮಾಡಿದ್ದು?"

ನಾನೇ. ಹೋದ ವರ್ಷ ಮಣಿಕಟ್ಟು ಮುರಿದುಕೊಂಡು ಮರಳಿದ ಋತುಜಾ, ಸಣ್ಣ ಮಕ್ಕಳೆದುರು ಹಗ್ಗದ ತುದಿಯಲ್ಲಿ ಸುತ್ತುವಾಗ ಅತ್ತಿದ್ದಳು. "ನಾಚಿಕಿ ಯಾಕ? ಈ ತುದೀಗೆ ನಾ ಇದ್ದೇನಲ್ಲ," ಎಂದಿದ್ದೆ.

ಆದರೆ ಆ ನೇಮ ಅಂದಾಜು ತಪ್ಪಿದವರಿಗೆ. ನನ್ನದು ತಪ್ಪಿಲ್ಲ. ಬೊಂಬುಗಳೇ ಸಾಕ್ಷಿ ಎಂದೆ.

"ಲೆಕ್ಕಾ ಹಾಕೂದ್ರಾಗ ಗಣಿತದ ಮಾಸ್ತರ ಆಗೀರಿ," ಎಂದು ಮತ್ತೆ ಅಕ್ಕಿಗೆ ಕೈ ಹಾಕಿದಳು.

ನವೆಂಬರ್ 24, ರವಿವಾರ. ಬೆಳಗ್ಗೆ 9

ಏರಲಿಲ್ಲ.

ಬೊಂಬು ಹಾಸಿ, ಹೆಲ್ಮೆಟ್ ತರಲು ಲಾಯದೊಳಗೆ ಹೋದೆ. ಸೀಟಿ ಮೈದಾನದಲ್ಲೇ ಉಳಿದಿತ್ತು. ಅದನ್ನು ತರಲು ಹಿಂಬಾಗಿಲಿಂದ ಹೊರಬಂದೆ. ಬಾಬುಸಾಬರು ಮುಂಬಾಗಿಲಿಗೆ ಮುಖ ಮಾಡಿ ಕಾವಲು ನಿಂತಿದ್ದರು. ಅತ್ತ ಋತುಜಾ ಬೂಟಿಗೆ ಬೂಟು ತಾಗಿಸಿ ನೆಲ ಅಳೆಯುತ್ತಿದ್ದಳು — ನಾಲ್ಕು, ಐದು, ಆರು. ಚಿನ್ಮಯೀ ಬೊಂಬು ಎಳೆಯುತ್ತಿದ್ದಳು.

"ಲಗೂ ಲಗೂ. ಎರಡನೇದು ಭಾಳ ಹತ್ರ ಇಟ್ಟಾರ."

"ಹೋದ ವಾರಕ್ಕಿಂತ ಛಲೋ ಅದ ಅಲ್ಲಾ ಅಕ್ಕಾ?"

"ಹೂಂ, ಅರ್ಧಾ ಫೂಟಷ್ಟ ಫರಕ. ಸುಧಾರಿಸಲಿಕ್ಕತ್ತಾರ."

ಆಗ ಬಾಬುಸಾಬರು ಹೊರಳಿ ನನ್ನನ್ನು ಕಂಡರು. ಕೆಮ್ಮಿದರು. ತಡವಾಗಿತ್ತು.

"ಬಾಬುಸಾಬ, ಜ್ಯೇಷ್ಠಮಧು ಹತ್ತಲಿಲ್ಲೇನು?"

"ಅದನ್ನ... ಗುಲಕಂದಾಗ ತಿನಸೇನ್ರಿ ಸರ. ಆಕೀಗಿ ಭಾಳ ರುಚಿ ಹತ್ತೇತಿ."

ಋತುಜಾ ಬೊಂಬು ದಾಟಿ ನನ್ನೆದುರು ಬಂದಳು. "ತಪ್ಪಿದ್ದು ಗೊತ್ತಾದ್ರ ನೀವು ಬರೂದಽ ಬಿಡ್ತೀರಿ ಅಂತ ಅಂಜಿದ್ವಿ ಸರ್."

ಹೆಲ್ಮೆಟ್ಟನ್ನು ಗೂಟಕ್ಕೆ ಸಿಕ್ಕಿಸಿ ಮನೆಗೆ ಬಂದೆ. ಹತ್ತು ರವಿವಾರ. ಅವರು ಒಂದೇ ಒಂದು ದಿನ ಮರೆತಿದ್ದರೆ... ತುಫಾನನ ಕಾಲು. ಚಿನ್ಮಯೀಯ ಕತ್ತು. ನನ್ನ ಹೆಮ್ಮೆಯನ್ನು ಇಬ್ಬರು ಹುಡುಗಿಯರು ಪ್ರತಿ ವಾರ ಅರ್ಧ ಅಡಿ ಆಚೆ ಸರಿಸುತ್ತಿದ್ದರು.

ನವೆಂಬರ್ 27, ಬುಧವಾರ

ಎರಡು ದಿನ ಏನನ್ನೂ ಬರೆಯಲಿಲ್ಲ. ಮೊದಲು ಅವಮಾನವಾಯಿತು. ಆಮೇಲೆ ಭಯ. ಇಂದು ಬೆಳಗ್ಗೆ ಚಹಾ ಹೊಯ್ಯುವಾಗ ಬೇರೊಂದು ಹೊಳೆಯಿತು: ಬೂಟಿನಿಂದ ಅಳೆಯುವುದನ್ನು ಅವರಿಗೆ ಕಲಿಸಿದವರಾರು? ನಾನಲ್ಲ. ಇಪ್ಪತ್ತೆರಡು ವರ್ಷ ನನ್ನ ಕಣ್ಣಳತೆಯನ್ನು ನೋಡಿ ಬೆರಗಾಗುವುದನ್ನಷ್ಟೇ ಕಲಿಸಿದೆ. ಆರು ಬೂಟಿಗೆ ನಾಲ್ಕೂವರೆ ಅಡಿ ಎಂಬ ಲೆಕ್ಕವನ್ನು ಅವರೇ ಕಂಡುಕೊಂಡರು, ನನ್ನನ್ನು ಉಳಿಸಿಕೊಳ್ಳುವುದಕ್ಕಾಗಿ. ಚಹಾ ಮೇಜಿನ ಮೇಲೆ ಹರಿಯಿತು. ನಿರುಪಮಾ ಬೈಯಲಿಲ್ಲ, ಅರಿವೆ ತಂದಳು.

ಸಂಜೆ ಋತುಜಾಗೆ ಫೋನ್ ಮಾಡಿದೆ.

"ರವಿವಾರ ಬೊಂಬು ಚಿನ್ಮಯೀ ಇಡ್ಲಿ. ಎಲ್ಲಾರ ಮುಂದ, ಅಳದು. ಇನ್ನ ಮ್ಯಾಲೆ ನಮ್ಮಲ್ಲೆ ಅದಽ ಪದ್ಧತಿ."

"ನೀವು ಸರ್?"

"ಗುಲಕಂದಾನ ಮ್ಯಾಲೆ. ಹಗ್ಗಾ ನೀ ಹಿಡೀಬೇಕು."

ಮೂಗು ಏರಿಸಿಕೊಂಡ ಸಪ್ಪಳ. ಆಮೇಲೆ:

"ಲಗಾಮು ಕೊಡೂದಿಲ್ಲ ಮತ್ತ. ನೇಮ ಅಂದ್ರ ನೇಮ."

ಡಿಸೆಂಬರ್ 1, ರವಿವಾರ. ಬೆಳಗ್ಗೆ 6.50, ಮೈದಾನ

ಏರುಗಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಚಳಿ. ಹೆಲ್ಮೆಟ್ಟಿನ ಪಟ್ಟಿಯನ್ನು ಮೂರು ಸಲ ಬಿಚ್ಚಿ ಕಟ್ಟಿದ್ದಕ್ಕೆ ಅದೇ ಕಾರಣವೆಂದು ಬಾಬುಸಾಬರಿಗೆ ಹೇಳಿದ್ದೇನೆ. ಅವರು ಗುಲಕಂದಾಳ ಜೀನು ಬಿಗಿಯುತ್ತಿದ್ದಾರೆ. ಇಂದು ಕೆಮ್ಮಿಲ್ಲ.

ಬೊಂಬು ಹಾಸಿದ್ದಾಗಿದೆ. ಚಿನ್ಮಯೀಯ ಬೂಟು ಚಿಕ್ಕದು. ಏಳು ಬೂಟು ಬೇಕಾಯಿತು. ನನ್ನ ಕಣ್ಣಿಗೆ ಎರಡನೆಯದು ದೂರ ಕಂಡಿತು. ಸರಿಸು ಎನ್ನಲು ಬಾಯಿ ತೆರೆದವನು, ನಾನೇ ಹೋಗಿ ಬೂಟಿಗೆ ಬೂಟು ತಾಗಿಸಿ ಅಳೆದೆ. ಸರಿಯಾಗಿತ್ತು. ಚಿನ್ಮಯೀ ನನ್ನ ಮುಖ ನೋಡುತ್ತಿದ್ದಳು. "ಶಾಭಾಸ್," ಎಂದೆ.

ಮಕ್ಕಳೆಲ್ಲ ಬೇಲಿಗೆ ಸಾಲಾಗಿ ನಿಂತಿದ್ದಾರೆ. ಋತುಜಾ ಮೈದಾನದ ನಡುವೆ, ಹಗ್ಗದ ಸುರುಳಿ ಎಡಗೈಯಲ್ಲಿ, ನಾನು ನಿಲ್ಲುತ್ತಿದ್ದಂತೆಯೇ. ಕೂಗುತ್ತಿದ್ದಾಳೆ:

"ಅಂಜಬ್ಯಾಡ್ರಿ ಸರ್, ಈ ತುದೀಗೆ ನಾ ಇದ್ದೇನಿ! ಬರಿಯೂದು ಸಾಕು. ತೆಲಿ ಎತ್ರಿ, ಮುಂದ ನೋಡ್ರಿ!"

ಹೌದು. ಮುಂದೆ —