ಬೆಳಿಗ್ಗೆ ಹನ್ನೊಂದರ ಮನೆ

ಮಾರ್ಚ್ 3, ಬೆಳಿಗ್ಗೆ 7.40

ಬಂದೆ. ಸ್ನಾನ ಆಯಿತು. ಮೈಗೆ ಹತ್ತಿದ ಬ್ರೆಡ್ಡಿನ ವಾಸನೆ ಮಾತ್ರ ಹೋಗುವುದಿಲ್ಲ. ರಾತ್ರಿಯೆಲ್ಲ ಫ್ಯಾಕ್ಟರಿಯ ಓವನ್ ಮುಂದೆ ನಿಂತವನಿಗೆ ಈಗ ಹಾಸಿಗೆ, ಕಪ್ಪು ಪರದೆ, ಕಿವಿಗೆ ಹತ್ತಿ. ಮೇಲಿನ ಮನೆಯವರು ಕುರ್ಚಿ ಎಳೆಯಲು ಶುರು ಮಾಡಿದರು. ಎಂಟು ವರ್ಷದಿಂದ ಎಳೆಯುತ್ತಲೇ ಇದ್ದಾರೆ... ಎಲ್ಲಿಗೋ!

ಮಾರ್ಚ್ 4

ಮಗಳ ಟೀಚರ್ ಕರೆಸಿದ್ದರು. ಓದುವುದು ಚೆನ್ನಾಗಿದೆ, ಬರೆಯುವುದೂ. ಆದರೆ ಕ್ಲಾಸಿನಲ್ಲಿ ಬರೀ ಪಿಸುಮಾತು. "ಜೋರಾಗಿ ಹೇಳು ಅಂದ್ರೆ, ಅಪ್ಪ ಮಲಗಿದ್ದಾರೆ ಅಂತಾಳೆ." ಟೀಚರ್ ನಕ್ಕರು. ಹೆಂಡತಿಯೂ ನಕ್ಕಳು. ನನ್ನಿಂದಾಗಲಿಲ್ಲ. ಹೋದ ತಿಂಗಳು ಚಮಚ ಬೀಳಿಸಿದ್ದಕ್ಕೆ ಮಗಳ ಮೇಲೆ ಹಾರಾಡಿದ್ದೆ. ಏಳು ವರ್ಷದ ಕೂಸು. ನಾಚಿಕೆಯಾಗುತ್ತದೆ.

ಸಾಕು. ಮನೆ ಕೊಳ್ಳಲೇಬೇಕು. ನಾನು ಮಲಗುವ, ಅವಳು ಕೂಗುವ ಮನೆ.

ಮಾರ್ಚ್ 9, ಭಾನುವಾರ

ಹೆಂಡತಿಯ ಅಣ್ಣ ತನ್ನ ಸ್ನೇಹಿತನೊಬ್ಬನನ್ನು ಗಂಟು ಹಾಕಿದ್ದಾನೆ. ಮನೆ ಏಜೆಂಟ್. ಈ ಬಿಸಿಲಲ್ಲೂ ಟೈ. ಕಾರಿನಲ್ಲಿ ಏಸಿ, ಕೈಗೊಂದು ತಣ್ಣನೆಯ ನೀರಿನ ಬಾಟಲಿ. ತೋರಿಸಿದ ಮನೆಗೆ ಹೆಸರಿಡುವಂತಿಲ್ಲ. ಮೂರನೇ ಮಹಡಿ, ದೊಡ್ಡ ಕಿಟಕಿ, ರಸ್ತೆಯಲ್ಲಿ ನರಪಿಳ್ಳೆ ಇಲ್ಲ. "ಇವತ್ತೇ ಹೂಂ ಅಂದ್ಬಿಡಿ ಸಾರ್, ಇನ್ನಿಬ್ರು ಕಾಯ್ತಿದ್ದಾರೆ." ಹೆಂಡತಿಯ ಕಣ್ಣು ಆಗಲೇ ಅಡುಗೆಮನೆಯಲ್ಲಿ ಡಬ್ಬಿ ಜೋಡಿಸುತ್ತಿತ್ತು.

ಮಾರ್ಚ್ 10

ಫ್ಯಾಕ್ಟರಿಯ ಪ್ಯಾಕಿಂಗ್‌ನವನು ಇನ್ನೊಬ್ಬ ಏಜೆಂಟರನ್ನೂ ನೋಡು ಎಂದ. ಹೋದೆ. ಮೆಟ್ಟಿಲ ಕೆಳಗಿನ ಗೂಡಿನಂಥ ಆಫೀಸು. ಮೊದಲು ಬಸ್ ಕಂಡಕ್ಟರ್ ಆಗಿದ್ದ ಹೆಂಗಸು, ದನಿ ಇನ್ನೂ ಬಸ್ಸಿನದೇ. ಬಜೆಟ್ ಕೇಳಲಿಲ್ಲ.

"ನಿದ್ದೆ ಎಷ್ಟು ಹೊತ್ತಿಗೆ?"

"ಎಂಟರಿಂದ ಮೂರು. ಬಂದ್ರೆ."

"ಹಾಗಾದ್ರೆ ಭಾನುವಾರ ಮನೆ ತೋರ್ಸಲ್ಲ. ವಾರದ ದಿನ, ಬೆಳಿಗ್ಗೆ ಹನ್ನೊಂದಕ್ಕೆ ಬನ್ನಿ."

"ಅದು ನಾನು ಮಲಗೋ ಹೊತ್ತಲ್ವಾ?"

"ಅದಕ್ಕೇ ಸಾರ್."

ಏನು ಧಿಮಾಕು! ಟೈ ಸಾಹೇಬನೇ ವಾಸಿ. ಗಿರಾಕಿಯ ಹೊತ್ತುಗೊತ್ತು ನೋಡುತ್ತಾನೆ.

ಮಾರ್ಚ್ 13

ಟೈ ತೋರಿಸಿದ ಮನೆಗೆ ನಾಡಿದ್ದು ಸೈನ್ ಹಾಕುವುದು. ಮಲಗಿದ್ದವನಿಗೆ ಟೈ ಮೂರು ಸಲ ಫೋನ್ ಮಾಡಿದ. ಕಂಡಕ್ಟರಮ್ಮನದು ಸಂಜೆ, ಒಂದೇ ಸಲ. ಬೇರೆ ಕಡೆ ಆಯಿತು ಎಂದೆ. ಯಾವ ರಸ್ತೆ ಎಂದು ಕೇಳಿದಳು. "ನಂಗೇನೂ ಬೇಡ ಸಾರ್. ನಾಳೆ ಹನ್ನೊಂದಕ್ಕೆ ಆ ರಸ್ತೇಲಿ ಹೋಗಿ ನಿಂತ್ಕೊಳ್ಳಿ, ಅಷ್ಟೇ."

ಹೊಟ್ಟೆಕಿಚ್ಚು ಇರಬೇಕು.

ಮಾರ್ಚ್ 14

ಹೇಗೂ ನಿದ್ದೆ ಬರಲಿಲ್ಲ, ಹೋದೆ. ಭಾನುವಾರ ಎದುರಿಗೆ ಮುಚ್ಚಿದ್ದ ಶಟರ್‌ಗಳನ್ನು ಗೋದಾಮು ಅಂದುಕೊಂಡಿದ್ದೆ. ಇವತ್ತು ತೆರೆದಿದ್ದವು — ಗೇಟು, ಗ್ರಿಲ್ ಮಾಡುವ ಶೆಡ್. ಕಬ್ಬಿಣ ಕೊಯ್ಯುವ ಸದ್ದಿಗೆ ಹಲ್ಲೆಲ್ಲ ಜುಮ್ಮೆಂದವು. ಒಂದು ಸೈನ್ ಹಾಕಿದ್ದರೆ ಜೀವನಪೂರ್ತಿ ಇದೇ.

ಟೈಗೆ ಫೋನ್ ಮಾಡಿದೆ. "ಕಿಟಕಿ ಹಾಕಿದ್ರೆ ಆಯ್ತು ಸಾರ್. ಅಭ್ಯಾಸ ಆಗ್ಬಿಡತ್ತೆ."

ಅಭ್ಯಾಸ! ನನ್ನ ಮಗಳಿಗೆ ಆಗಿದೆಯಲ್ಲ, ಅಷ್ಟು ಸಾಲದೇ? ಬೇಡ ಎಂದೆ. ಹೆಂಡತಿ, "ರೀ, ಅಣ್ಣಂಗೆ ನಾನೇನು ಹೇಳ್ಲಿ?" ಎಂದು ಮುಖ ಊದಿಸಿಕೊಂಡಳು. ನಾನೇ ಹೇಳಿದೆ. ಭಾವ ಪೂರ್ತಿ ಕೇಳಿಸಿಕೊಳ್ಳದೆ ಫೋನಿಟ್ಟ.

ಸಂಜೆ ಮೆಟ್ಟಿಲ ಕೆಳಗಿನ ಆಫೀಸಿಗೆ ಹೋದೆ, ಬಾಲ ಮುದುರಿಕೊಂಡು. ಕಂಡಕ್ಟರಮ್ಮ ಕುರ್ಚಿ ತೋರಿಸಿದಳು.

ಮಾರ್ಚ್ 27

ಎರಡು ಮನೆ ನೋಡಿದ್ದಾಯಿತು. ಕಂಡಕ್ಟರಮ್ಮನ ಚೀಲದಲ್ಲಿ ಒಂದು ಚಾಪೆ, ಒಂದು ದಿಂಬು! ಖಾಲಿ ರೂಮಿನಲ್ಲಿ ಹಾಸಿ, "ಮಲಗಿ ಸಾರ್" ಎನ್ನುತ್ತಾಳೆ. ಮೊದಲನೆಯದರಲ್ಲಿ ಗೋಡೆಯಾಚೆ ಲಿಫ್ಟಿನ ಮೋಟಾರು. ಎರಡನೆಯದರಲ್ಲಿ ಹಿಂದೆಯೇ ಶಾಲೆ, ಗಂಟೆ ನೆತ್ತಿಯ ಮೇಲೇ ಹೊಡೆದಂತೆ. ಅಂಗಾತ ಬಿದ್ದಿದ್ದ ನನ್ನನ್ನು ನೋಡಿ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗಲಿ. ಮುಖದ ಊತ ಇಳಿಯಿತಲ್ಲ.

ಏಪ್ರಿಲ್ 3

ಮೂರನೆಯದು. ಶಾಲೆಗೆ ರಜೆ, ಮಗಳೂ ಬಂದಳು. ಹಳೇ ಮನೆ. ಹಾಲಿನ ಗೋಡೆ ಚಕ್ಕೆ ಏಳುತ್ತಿದೆ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗೆ. ಮಲಗುವ ರೂಮು ಎಲ್ಲಕ್ಕಿಂತ ಹಿಂದೆ, ನಡುವೆ ಎರಡು ಬಾಗಿಲು. ಮಲಗಿದೆ. ಸೂರಿನ ಬಿರುಕು ನೋಡುತ್ತಿದ್ದದ್ದು ನೆನಪಿದೆ...

ಎದ್ದಾಗ ಒಂದೂವರೆ! ಹೊರಗೆ ಬಂದರೆ ಹೆಂಡತಿ, ಮಗಳು, ಕಂಡಕ್ಟರಮ್ಮ ಅಡುಗೆಮನೆಯ ನೆಲದ ಮೇಲೆ ಕೂತಿದ್ದಾರೆ.

"ಲಾಸ್ಟ್ ಸ್ಟಾಪ್ ಸಾರ್, ಇಳ್ಕೊಳ್ಳಿ."

ನಾನು ಮಲಗಿದ ಮೇಲೆ ಕಂಡಕ್ಟರಮ್ಮ ಮಗಳನ್ನು ಹಾಲಿನಲ್ಲಿ ನಿಲ್ಲಿಸಿ, "ಟಿಕೆಟ್ ಟಿಕೆಟ್ ಅಂತ ಕೂಗು ಪುಟ್ಟಿ" ಎಂದಳಂತೆ. ಮೊದಲು ಮಗಳು ಪಿಸುಗುಟ್ಟಿದಳಂತೆ. ಆಮೇಲೆ ಸ್ವಲ್ಪ ಜೋರು. ಆಮೇಲೆ ಗಂಟಲು ಕಿತ್ತುಬರುವಂತೆ.

"ಅಪ್ಪ, ನಾನು ಅಷ್ಟು ಕೂಗಿದ್ರೂ ನೀನು ಏಳ್ಲೇ ಇಲ್ಲ!" ಹೆಮ್ಮೆ ಅವಳಿಗೆ. ನಾನು ಅವಳನ್ನು ಎತ್ತಿಕೊಂಡೆ. "ಈ ಮನೆ ಆಗ್ಲಿ" ಎಂದೆ. ಅಡುಗೆಮನೆ ಚಿಕ್ಕದು ಎಂದು ಹೆಂಡತಿ ಗೊಣಗಲಿಲ್ಲ. ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು.

ಮೇ 20, ಬೆಳಿಗ್ಗೆ 11

ಹೊಸ ಮನೆ. ಅರ್ಧ ಸಾಮಾನು ಇನ್ನೂ ಡಬ್ಬದಲ್ಲೇ. ನಿನ್ನೆ ಭಾವ ಬಂದಿದ್ದ. ಗೋಡೆ ಬೈದ, ಅಡುಗೆಮನೆ ಬೈದ, ಸೋರುತ್ತಿದ್ದ ನಲ್ಲಿ ರಿಪೇರಿ ಮಾಡಿ ಹೋದ. ಮನಸ್ಸು ಹಗುರಾಯಿತು.

ಮಗಳಿಗೆ ರಜೆ. ಹಾಲಿನಲ್ಲಿ ಹಗ್ಗದಾಟ, ಎಣಿಸುತ್ತಿದ್ದಾಳೆ. ಬಾಗಿಲೆರಡೂ ಹಾಕಿದರೆ ಏನೂ ಕೇಳುವುದಿಲ್ಲ. ನಾನೇ ಎದ್ದು ಒಂದೊಂದು ಗೇಣು ತೆರೆದು ಬಂದೆ. ಕಿವಿಯ ಹತ್ತಿಯೂ ತೆಗೆದೆ. ಮೂವತ್ತೆಂಟು, ಮೂವತ್ತೊಂಬತ್ತು — ಎಡವಿದಳು. ಮತ್ತೆ ಒಂದರಿಂದ. ಅವಳ ದನಿ ಇಷ್ಟು ದೊಡ್ಡದೆಂದು ಗೊತ್ತೇ ಇರಲಿಲ್ಲ. ಹದಿನೇಳು, ಹದಿನೆಂಟು... ಈ ಸಲ ಐವತ್ತು ದಾಟುತ್ತಾಳೋ ಏನೋ, ಕಣ್ಣು ಎಳೆಯುತ್ತಿದೆ, ಕೇಳಿಸಿಕೊಂಡೇ ಮಲಗುತ್ತೇ...