ಒಂದೇ ಕುಂಬಳಕಾಯಿಗೆ ಮೇಲೆದ್ದ ಮಗು

ತಿ. ನರಸೀಪುರ
ಭಾನುವಾರ ಕಳೆದು ಸೋಮವಾರ, ನವೆಂಬರ್ ೧೦
ರಾತ್ರಿ ಒಂದೂಮುಕ್ಕಾಲು

ಪ್ರೀತಿಯ ದೀಪಕ್ ಅವರಿಗೆ,

ನಿಮ್ಮ ಬಿಂದು ಮಾಡುವ ವಂದನೆಗಳು. ಹೇಗಿದ್ದೀರಿ? ಕಛ್‌ನಲ್ಲಿ ರಾತ್ರಿ ಚಳಿ ಶುರುವಾಗಿದೆ ಅಂದಿದ್ದಿರಿ. ಕ್ರೇನಿನ ಮೇಲೆ ಗಾಳಿ ಇನ್ನೂ ಜೋರಿರುತ್ತದೆ, ಅತ್ತೆ ಕಳಿಸಿದ ಮಫ್ಲರ್ ಸುತ್ತಿಕೊಳ್ಳುತ್ತಿದ್ದೀರೋ ಇಲ್ಲ ಪೆಟ್ಟಿಗೆಯಲ್ಲೇ ಇದೆಯೋ? ಎದೆ ಉರಿ ಕಡಿಮೆಯಾಯಿತೆ? ಬರೀ ಟೀ ಕುಡಿದುಕೊಂಡು ಶಿಫ್ಟ್ ಮುಗಿಸಬೇಡಿ, ಏನಾದರೂ ತಿನ್ನಿ.

ನಾನು ಎದ್ದದ್ದು ಒಂದು ಸದ್ದಿಗೆ. ಯಾರೋ ಸೈಕಲ್ ಪಂಪಿನಲ್ಲಿ ಮೆಲ್ಲಗೆ, ಬಿಡದೆ ಗಾಳಿ ಹೊಡೆಯುತ್ತಿರುವ ಹಾಗಿತ್ತು. ಮೊದಲು ಹಬ್ಬದ ಹರಾಜಿನಲ್ಲಿ ಕೊನೆಗೆ ಅತ್ತೆ ಹಿಡಿದ ಹುಂಜ ಇರಬೇಕು ಅಂದುಕೊಂಡೆ. ಅದನ್ನು ಬಚ್ಚಲಲ್ಲಿ ಕಟ್ಟಿದ್ದಾರೆ, ಸಂಜೆಯಿಂದ ರೆಕ್ಕೆ ಬಡಿಯುತ್ತಲೇ ಇತ್ತು. ಹೋಗಿ ನೋಡಿದರೆ ಅದು ನೆಮ್ಮದಿಯಾಗಿ ನಿದ್ದೆ ಹೋಗಿದೆ. ಸದ್ದು ಬರುತ್ತಿದ್ದದ್ದು ನನ್ನ ಹಾಸಿಗೆಯಿಂದಲೇ. ನಮ್ಮ ಆಶಿ ಉಸಿರಾಡುತ್ತಿದ್ದ ಸದ್ದು ಅದು. ಅಂಗಿ ಮೇಲೆತ್ತಿ ಮೊಬೈಲ್ ಬೆಳಕು ಬಿಟ್ಟೆ. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತದೆ. ಇದು ಇವತ್ತಿನದಲ್ಲ, ಹದಿನೈದು ದಿನದಿಂದ ನೋಡುತ್ತಿದ್ದೇನೆ, ಆದರೆ ಇವತ್ತು ಸದ್ದು ಹೆಚ್ಚು. ತುಟಿ ಇನ್ನೂ ಕೆಂಪಗೇ ಇದೆ. ಅಷ್ಟು ಧೈರ್ಯದ ಮೇಲೆ ಇಲ್ಲಿ ಕೂತಿದ್ದೇನೆ. ಸ್ವಲ್ಪ ನೀಲಿ ಕಂಡರೂ ನಾನು ಯಾರನ್ನೂ ಕೇಳದೆ ಆಂಬುಲೆನ್ಸ್ ಕರೆಯುತ್ತೇನೆ. ನೆಟ್ಟಗೆ ಎತ್ತಿಕೊಂಡರೆ ಅವನಿಗೆ ಕೊಂಚ ಹಗುರ. ಅದಕ್ಕೇ ಎಡತೋಳಿನಲ್ಲಿ ಅವನು, ಬಲಗೈಯಲ್ಲಿ ಪೆನ್ನು. ಅಕ್ಷರ ಸೊಟ್ಟಗಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀರಿ. ನೀವು ಫೋನ್ ಮಾಡಿದಾಗ ಅದು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ, ಪಕ್ಕದಲ್ಲಿ ಅತ್ತೆ ಇರುತ್ತಾರೆ. ನಾನು ಬಾಯಿ ಬಿಟ್ಟರೆ ಅಳು ಬರುತ್ತದೆ, ಅತ್ತರೆ ನೀವು "ಮೊದಲು ನೀನು ಸರಿಯಾಗಿ ನಿದ್ದೆ ಮಾಡು ಬಿಂದು" ಅಂತ ಫೋನ್ ಇಟ್ಟುಬಿಡುತ್ತೀರಿ. ಬರೆದರೆ ನಡುವೆ ಬಾಯಿ ಹಾಕುವವರಿಲ್ಲ. ಈ ಹಾಳೆಗಳ ಫೋಟೊ ತೆಗೆದು ವಾಟ್ಸಾಪಿಗೆ ಹಾಕುತ್ತೇನೆ. ಬೆಳಗಿನ ಜಾವ ನಾಲ್ಕು ಗಂಟೆಯ ಟೀಗೆ ನೀವು ಕೆಳಗಿಳಿದಾಗ ಗೇಟಿನವರು ಫೋನ್ ಕೊಡುತ್ತಾರಲ್ಲ, ಆಗ ಕಾಣುತ್ತದೆ. ದಯವಿಟ್ಟು ಪೂರ್ತಿ ಓದಿ. ಮೊದಲ ಹಾಳೆ ನೋಡಿ, ಬಿಂದುಗೆ ಮತ್ತೆ ಗಾಬರಿ ಶುರುವಾಗಿದೆ ಅಂತ ಜೇಬಿಗೆ ಹಾಕಿಕೊಳ್ಳಬೇಡಿ.

ಇವತ್ತು ಚರ್ಚಿನ ಸುಗ್ಗಿ ಹಬ್ಬ ಚೆನ್ನಾಗೇ ಆಯಿತು. ನಮ್ಮ ಪುಟ್ಟ ದೇವಾಲಯದ ಒಳಗೆ ಕಾಲಿಡಲು ಜಾಗವಿರಲಿಲ್ಲ. ವೇದಿಕೆಯ ಕಂಬಿಗೆ ಕಬ್ಬು ಕಟ್ಟಿದ್ದರು, ಕಿಟಕಿಗಳಿಗೆ ರಾಗಿ ತೆನೆ, ಬಾಗಿಲಿಗೆ ಭತ್ತದ ಗೊಂಚಲು. ತಲೆಯ ಮೇಲೆ ಮಾತ್ರ ಅದೇ ನೀಲಿ ಟಾರ್ಪಾಲು, ಮಳೆಗಾಲದಲ್ಲಿ ಕುಸಿದ ಹೆಂಚಿನ ಮಾಡು ಹಾಗೇ ಇದೆ. ಈ ಸಲದ ಹರಾಜಿನದೂ, ಮನೆಮನೆಯಿಂದ ಎತ್ತುವ ಹಿಡಿ ಅಕ್ಕಿಯದೂ ಪೂರ್ತಿ ಮಾಡಿನ ರಿಪೇರಿಗೇ ಅಂತ ಪಾದ್ರಿ ಅಯ್ಯನವರು ಪ್ರಸಂಗದಲ್ಲೇ ಹೇಳಿಬಿಟ್ಟರು, ಟಾರ್ಪಾಲಿನ ಕಡೆ ಕೈ ತೋರಿಸಿ. ಹರಾಜು ಕೂಗಿದ್ದು ನಿಮ್ಮ ಗುರು ಚಿಕ್ಕಪ್ಪ, ಇನ್ಯಾರು? ಹುಂಜ ಹಿಡಿದವರೆಲ್ಲ ಅದನ್ನು ಮತ್ತೆ ದೇವರಿಗೇ ಅಂತ ವಾಪಸ್ ಕೊಟ್ಟರು, ಚಿಕ್ಕಪ್ಪ ಮತ್ತೆ ಮತ್ತೆ ಕೂಗಿದರು. ಮಧ್ಯಾಹ್ನದ ಹೊತ್ತಿಗೆ ಅರ್ಧ ಸಭೆ ಆ ಹುಂಜದ ಯಜಮಾನರಾಗಿ ಇಳಿದಿತ್ತು. "ಇದ್ಕೂ ಸಾಕಾಗ್ಯದೆ, ಯಾರಾರ ಒಬ್ರು ಕುಯ್ದು ಸಾರು ಮಾಡ್ರಪ್ಪ" ಅಂತ ಚಿಕ್ಕಪ್ಪ ಅಂದಾಗ ಅಯ್ಯನವರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅದು ಮಗುವಿನ ತೂಕಕ್ಕೆ ಮುಂಚೆ.

ಆ ತೂಕದ ಸಡಗರ ನಿಮಗೆ ಗೊತ್ತೇ ಇದೆ, ನಿಮ್ಮನ್ನೂ ಅದೇ ತಕ್ಕಡಿಯಲ್ಲಿ ತೂಗಿದ್ದರಂತೆ. ಆ ವರ್ಷ ಸಭೆಯಲ್ಲಿ ಹುಟ್ಟಿದ ಮಕ್ಕಳನ್ನು ಒಂದು ತಟ್ಟೆಯಲ್ಲಿ ಕುಕ್ಕೆಯೊಳಗೆ ಮಲಗಿಸುವುದು, ಇನ್ನೊಂದು ತಟ್ಟೆಗೆ ಒಂದೊಂದು ಮನೆಯವರು ತಾವು ಬೆಳೆದದ್ದನ್ನು ಹಾಕುತ್ತ ಬರುವುದು, ಮಗು ಮೇಲೇಳುವವರೆಗೆ. ಹಾಕಿದ್ದೆಲ್ಲ ಹರಾಜಿಗೆ. ಮಗು ಗುಂಡಗಿದ್ದಷ್ಟೂ ದೇವಾಲಯಕ್ಕೆ ಲಾಭ. ನನಗೆ ಮದುವೆಯಾಗಿ ಬಂದ ವರ್ಷ ಇದನ್ನು ನೋಡಿ ಎಷ್ಟು ಇಷ್ಟವಾಗಿತ್ತು ಗೊತ್ತೆ? ನಮ್ಮ ನಂಜನಗೂಡಿನ ಸಭೆಯಲ್ಲಿ ಇದಿಲ್ಲ. ನನ್ನ ಮಗುವನ್ನೂ ಹೀಗೆ ತೂಗುತ್ತಾರಲ್ಲ ಅಂತ ಆಗಲೇ ಆಸೆಪಟ್ಟಿದ್ದೆ.

ಮೊದಲು ಹೆಮ್ಮಿಗೆಯ ಇಂದ್ರಾಣಿಯ ಮಗಳನ್ನು ಮಲಗಿಸಿದರು. ನಮ್ಮ ಆಶಿಗಿಂತ ಒಂದು ತಿಂಗಳು ಚಿಕ್ಕದು. ಕುಂಬಳಕಾಯಿ ಬಿತ್ತು, ತೆಂಗಿನಕಾಯಿ ಬಿತ್ತು, ಬಾಳೆಗೊನೆ ಬಿತ್ತು, ತಟ್ಟೆ ಅಲುಗಾಡಲಿಲ್ಲ. ಅವಳು ಕುಕ್ಕೆಯೊಳಗೆ ಕಾಲು ಝಾಡಿಸುತ್ತ ನಗುತ್ತಿದ್ದಳು. ಆಮೇಲೆ ನಮ್ಮವನು. ಅತ್ತೆ ತಾವೇ ಎತ್ತಿಕೊಂಡು ಹೋಗಿ ಮಲಗಿಸಿದರು, ಸ್ತ್ರೀಯರ ಸಂಘದ ಅಧ್ಯಕ್ಷೆಯ ಮೊಮ್ಮಗ ಅಂತ ಎಲ್ಲರೂ ಮುಂದೆ ಬಂದರು. ಕುಂಬಳಕಾಯಿ ಇಟ್ಟರು. ಒಂದೇ ಕುಂಬಳಕಾಯಿ. ನಮ್ಮ ಮಗ ಮೇಲೆದ್ದು ಗಾಳಿಯಲ್ಲಿ ತೂಗಾಡಿದ. ಜನ ಗೊಳ್ಳೆಂದು ನಕ್ಕರು, "ಏನ್ಲಾ, ರೆಕ್ಕೆ ಬಂದುಬುಟ್ವಾ ನಿಂಗೆ?" ಅಂದರು ಚಿಕ್ಕಪ್ಪ. ಅಂದವರು ಅಲ್ಲಿಗೇ ನಿಲ್ಲಿಸಿದರು. ತೆಂಗಿನಕಾಯಿ, ಅವರೆಕಾಯಿ, ರಾಗಿಯ ಚೀಲ ಹಿಡಿದು ಸಾಲಿನಲ್ಲಿ ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಅತ್ತೆ, "ಮಗು ಅಳ್ಳಾಡ್ತಾ ಅದೆ" ಅನ್ನುತ್ತ ಕುಕ್ಕೆಯ ಅಂಚು ಹಿಡಿದುಕೊಂಡರು. ಅವನ ತಟ್ಟೆ ನಿಧಾನವಾಗಿ ಕೆಳಗಿಳಿಯಿತು. ಜನಕ್ಕೆ ಜೀವ ಬಂದ ಹಾಗಾಯಿತು, ಸಾಲು ಮುಂದುವರಿಯಿತು, ತಂದದ್ದೆಲ್ಲ ತಟ್ಟೆಗೆ ಬಿತ್ತು. ಕೊನೆಗೆ ಚಿಕ್ಕಪ್ಪ ಎಂಟು ಕೆಜಿಗೂ ಮೇಲೆ ಅಂತ ಕೂಗಿದರು, ಅಯ್ಯನವರು ಸ್ತೋತ್ರ ಹೇಳಿ ಪ್ರಾರ್ಥನೆ ಮಾಡಿದರು.

ಆ ವಿಡಿಯೋ ನಿಮಗೆ ಬಂದಿದೆ. ನೀವು "ನನ್ನ ಸಿಂಹ" ಅಂತ ಬರೆದು ಕಳಿಸಿದ್ದೀರಿ. ಅದನ್ನು ಓದಿ ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಈಗ ಇನ್ನೊಂದು ಸಲ ಆ ವಿಡಿಯೋ ನೋಡಿ. ಮಗುವನ್ನು ನೋಡಬೇಡಿ, ನಿಮ್ಮ ಅಮ್ಮನ ಬಲಗೈ ನೋಡಿ. ಮಣಿಕಟ್ಟಿನ ನರ ಎದ್ದು ನಿಂತಿದೆ. ಬರೀ ಹಿಡಿದುಕೊಂಡ ಕೈಯಲ್ಲ ಅದು, ಅದುಮಿದ ಕೈ.

ನಿಜವಾದ ತೂಕ ನಾನು ಹೇಳುತ್ತೇನೆ. ಶುಕ್ರವಾರ ಅಂಗನವಾಡಿಯಲ್ಲಿ ತೂಗಿದಾಗ ಐದು ಕೆಜಿಗೆ ಚೂರು ಮೇಲೆ. ಆಗಸ್ಟಿನಲ್ಲಿ ದೀಕ್ಷಾಸ್ನಾನ ಮುಗಿಸಿ ನೀವು ಹೊರಟಾಗಲೂ ಅಷ್ಟೇ ಇದ್ದ. ಅಂದರೆ ನೀವು ಹೋದ ಮೇಲೆ ನಿಮ್ಮ ಮಗ ಬೆಳೆದಿಲ್ಲ. ಎರಡು ಗುಟುಕು ಕುಡಿದು ದಣಿದು ಬಿಟ್ಟುಬಿಡುತ್ತಾನೆ, ಹಣೆಯ ಮೇಲೆ ಬೆವರು ಸಾಲುಗಟ್ಟುತ್ತದೆ. ನಾನು ಶಾಲು ಹೊದ್ದು ನಡುಗುತ್ತ ಕೂತಿರುವ ಚಳಿಯಲ್ಲಿ ಅವನು ಬೆವರುತ್ತಾನೆ. ನಾನು ಓದಿದ್ದು ಬರೀ ಬಿ.ಎಸ್ಸಿ., ಚಾರ್ಟಿನ ಮೇಲಿನ ಕಪ್ಪೆಯ ಹೃದಯ ಬಿಟ್ಟು ಬೇರೆ ನೋಡಿದವಳಲ್ಲ. ಆದರೆ ನಂಜನಗೂಡಿಗೆ ಹೋಗಿದ್ದಾಗ ನಮ್ಮಮ್ಮ ಕರೆದುಕೊಂಡು ಹೋದ ಡಾಕ್ಟರಮ್ಮ ಅವನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಬೆನ್ನಿಗೂ ಇಟ್ಟು ಕೇಳಿದರು. ಆಮೇಲೆ, ಇಲ್ಲೊಂದು ಸದ್ದಿದೆಯಮ್ಮ, ಮೈಸೂರಿಗೆ ಹೋಗಿ ಹೃದಯದ ಸ್ಕ್ಯಾನ್ ಮಾಡಿಸು, ಹಬ್ಬ ಗಿಬ್ಬ ಅಂತ ಕಾಯಬೇಡ ಅಂದರು. ಬಂದು ಅತ್ತೆಗೆ ಹೇಳಿದೆ. ಸುಗ್ಗಿ ಹಬ್ಬ ಆಗಲಿ ಅಂದರು. ನಿಮಗೆ ಅದೇ ಸ್ಪೀಕರಿನಲ್ಲಿ, ಸಣ್ಣದೇನೋ ಸದ್ದಂತೆ, ಎಲ್ಲ ಮಕ್ಕಳಿಗೂ ಇರುತ್ತದೆ ಅಂತ ಅವರೇ ಹೇಳಿದರು. ಅಮ್ಮ ಹೇಳಿದ ಹಾಗೆ ಕೇಳು ಅಂತ ನೀವು ನನಗೆ ಹೇಳಿದಿರಿ.

ಗುರುವಾರ ನಾನೇ ಎತ್ತಿಕೊಂಡು ಹೊರಟೆ. ಬಸ್ ಸ್ಟ್ಯಾಂಡಿನವರೆಗೂ ಹೋಗಿದ್ದೆ. ವಿಶಾಲಮ್ಮನ ಸೊಸೆ ಬ್ಯಾಗು ಹಿಡಿದು ಒಬ್ಬಳೇ ನಿಂತರೆ ಈ ಊರಲ್ಲಿ ಸುದ್ದಿ ಮನೆ ಮುಟ್ಟಲು ಎಷ್ಟು ಹೊತ್ತು? ಮೈಸೂರು ಬಸ್ಸು ಬರುವ ಮೊದಲೇ ಸಂಘದ ಮೂವರು ಹೆಂಗಸರು ಬಂದರು. ಒಬ್ಬರೂ ಬೈಯಲಿಲ್ಲ. ಒಬ್ಬರು ಮಗುವನ್ನು ಎತ್ತಿಕೊಂಡರು, ಒಬ್ಬರು ಬ್ಯಾಗು, ಒಬ್ಬರು ನನ್ನ ಕೈ. ಚೊಚ್ಚಲು ಬಾಣಂತೀರಿಗೆಲ್ಲ ಹಿಂಗೇ ಭಯ ಕಣವ್ವ ಅಂತ ಕಾಫಿ ಕುಡಿಸಿ ಮನೆಗೆ ತಂದು ಬಿಟ್ಟರು. ಬೈದಿದ್ದರೆ ನಾನು ಜಗಳವಾಡಿಯಾದರೂ ಹೋಗುತ್ತಿದ್ದೆ. ಅವರ ಪ್ರೀತಿಯ ಎದುರು ನನಗೆ ಕಾಲೇ ಏಳಲಿಲ್ಲ.

ಇವತ್ತು ಪಾತ್ರೆ ತೊಳೆಯುವಾಗ ಕೇಳಿಯೇಬಿಟ್ಟೆ, ಯಾಕತ್ತೆ ಕುಕ್ಕೆ ಅದುಮಿದಿರಿ ಅಂತ. ಅವರು ತಲೆಯೆತ್ತದೆ, "ಜನ ತಂದಿದ್ನ ಹಂಗೇ ವಾಪಸ್ ಹೊತ್ಕೊಂಡು ಹೋಗ್ಬೇಕಿತ್ತಾ?" ಅಂದರು. ಅಷ್ಟೇ. ಆಮೇಲೆ ಬೆಳಗ್ಗೆಗೆ ಮಗುವಿನ ಟೋಪಿ, ಸ್ವೆಟರ್ ತೆಗೆದಿಡು ಅಂದರು. ಬೆಳಗ್ಗೆ ಆರಕ್ಕೆ ವ್ಯಾನ್ ಬರುತ್ತದೆ. ಹಿಡಿ ಅಕ್ಕಿ ಎತ್ತಲು ಮೂರು ದಿನ ಹೆಮ್ಮಿಗೆ, ಮುಡುಕುತೊರೆ ಕಡೆಯ ಹಳ್ಳಿಗಳು, ಅಲ್ಲಿಂದ ಹದಿನಾರಿನವರೆಗೆ. ತೂಗಿದ ಮಗುವನ್ನು ಜೊತೆಗೆ ಕರೆದೊಯ್ದರೆ ನಮ್ಮ ಸಭೆಯವರಲ್ಲದ ಮನೆಗಳಲ್ಲೂ ಮಗುವಿನ ಮುಖ ನೋಡಿ ಇನ್ನೊಂದು ಹಿಡಿ ಹೆಚ್ಚಿಗೆ ಹಾಕುತ್ತಾರೆ. ಇಂದ್ರಾಣಿಯ ಮಗುವನ್ನು ಕರೆದೊಯ್ಯಿರಿ ಅಂತ ಗೋಗರೆದೆ. ಅಧ್ಯಕ್ಷೆಯ ಮೊಮ್ಮಗ ಮನೆಯಲ್ಲಿ, ಬೇರೆಯವರ ಮಗು ವ್ಯಾನಿನಲ್ಲಾ ಅಂದರು. ಮೂರು ದಿನ ದೀಪಕ್. ಧೂಳು, ಚಳಿ, ಕಂಡವರ ಕೈಯಿಂದ ಕೈಗೆ.

ಅತ್ತೆಯನ್ನು ಕೆಟ್ಟವರು ಅಂತ ನಾನು ಬರೆಯುತ್ತಿಲ್ಲ. ನಿಮ್ಮ ರಂಜನಿ ಅಕ್ಕನ ವಿಷಯ ನೀವು ಹುಟ್ಟುವುದಕ್ಕೆ ಮುಂಚಿನದು, ನನ್ನ ಬಾಣಂತನದಲ್ಲಿ ಒಂದು ರಾತ್ರಿ ಅವರೇ ಹೇಳಿದ್ದರು. ನಾಲ್ಕು ವರ್ಷದ ಮಗು, ಮೈಸೂರಿನ ಆಸ್ಪತ್ರೆಯೊಳಕ್ಕೆ ತಾನೇ ನಡೆದುಕೊಂಡು ಹೋದದ್ದು, ಆಪರೇಷನ್ನಿಂದ ಈಚೆಗೆ ಬರಲಿಲ್ಲ. ಅವತ್ತಿನಿಂದ ಅವರು ಮೈಸೂರಿಗೆ ಸೀರೆಗೆ ಹೋಗುತ್ತಾರೆ, ಸಮ್ಮೇಳನಕ್ಕೆ ಹೋಗುತ್ತಾರೆ, ಆಸ್ಪತ್ರೆಯ ರಸ್ತೆಗೆ ಮಾತ್ರ ಕಾಲಿಡುವುದಿಲ್ಲ. ನನಗೆ ಅರ್ಥವಾಗುತ್ತದೆ. ಆದರೆ ಅವರ ಭಯಕ್ಕೆ ನನ್ನ ಮಗು ಎಷ್ಟು ದಿನ ಕಾಯಬೇಕು? ನನ್ನ ಮಾತಿಗೆ ಈ ಮನೆಯಲ್ಲಿ ತೂಕವಿಲ್ಲ. ನಿಮ್ಮದೊಂದು ಮಾತು ಬೇಕು. ಅಷ್ಟೇ ಕೇಳುತ್ತಿದ್ದೇನೆ.

ನಿಮ್ಮ ರೂಮಿನ ಗೆಳೆಯರಿಗೆ ನಮಸ್ಕಾರ ಹೇಳಿ. ದೇವರು ಆ ಎತ್ತರದಲ್ಲಿ ನಿಮ್ಮನ್ನು ಕೈಬಿಡದಿರಲಿ, ಇಲ್ಲಿ ಇವನನ್ನೂ.

ನಿಮ್ಮ,
ಬಿಂದುಶ್ರೀ

ಮರೆಯುವ ಮೊದಲು, ಈಗಷ್ಟೇ ನಡೆದದ್ದು: ಸಹಿ ಹಾಕಿ ಫೋಟೊ ತೆಗೆಯಬೇಕು ಅನ್ನುವಾಗ ಅತ್ತೆ ಬಂದು ಬಾಗಿಲಲ್ಲಿ ನಿಂತರು. ಅವರೂ ಮಲಗಿರಲಿಲ್ಲವಂತೆ. ಯಾರಿಗೆ ಬರೀತಿದ್ದೀಯ ಅಂದರು, ನಿಮ್ಮ ಮಗನಿಗೆ ಅಂದೆ. ಬೈಯುತ್ತಾರೆ ಅಂತ ಹಾಳೆಗಳನ್ನು ಮಗುವಿನ ಕೆಳಗೆ ಸರಿಸಿಕೊಂಡೆ. ಅವರು ನೆಲದ ಮೇಲೆ ಕೂತುಬಿಟ್ಟರು. ಮಗುವಿನ ಪಾದ ಹಿಡಿದುಕೊಂಡು ಹೇಳಿದರು: "ರಂಜನಿನ ಕರ್ಕೊಂಡು ಹೋಗೋಣ ಅಂದೋಳು ನಾನು ಕಣವ್ವ. ಕಾಗದಕ್ಕೆ ಸೈನ್ ಹಾಕ್ದೋಳೂ ನಾನೇ. ಇನ್ನೊಂದು ಸಲ ನನ್ನ ಬಾಯಲ್ಲಿ ಹೋಗು ಅನ್ನಿಸ್ಬೇಡ, ನನ್ ಕೈಲಾಗಲ್ಲ. ಅವನು ಹೇಳ್ಲಿ. ಅವನು ಹೇಳ್ಬುಟ್ರೆ ನಾನು ಅಡ್ಡ ನಿಲ್ಲಲ್ಲ, ಜೊತೇಲಿ ಬತ್ತೀನಿ."

ದೀಪಕ್, ನನ್ನ ನಂಬರಿಗೆ ಮಾಡಬೇಡಿ, ಅವರ ನಂಬರಿಗೆ ಮಾಡಿ. ಹೇಗಿದ್ದೀಯಮ್ಮ, ಊಟ ಆಯ್ತಾ ಅಂತ ಶುರು ಮಾಡಬೇಡಿ. ಮಗು ಮೈಸೂರಿಗೆ ಹೋಗಲಿ ಅಂತ ಅಷ್ಟೇ ಹೇಳಿ. ಫೋನ್ ಮಡಿಲಲ್ಲಿ ಇಟ್ಟುಕೊಂಡು ನನ್ನ ಎದುರಿಗೇ ಕೂತಿದ್ದಾರೆ. ವ್ಯಾನ್ ಬಂದು, ಗೇಟಿನ ಮುಂದೆ ಹೆಂಗಸರು ಸೇರಿ, ಅಧ್ಯಕ್ಷೇರೇ ಹೊರಡೋಣವಾ ಅಂದುಬಿಟ್ಟರೆ ಈಗ ಕೂತಿರುವ ಈ ಅತ್ತೆ ನನಗೆ ಮತ್ತೆ ಸಿಗುವುದಿಲ್ಲ. ಬೆಳಗಾಗುವುದರೊಳಗೆ ಫೋನ್ ಮಾಡಿ, ದಮ್ಮಯ್ಯ.