ಶುಕ್ರವಾರ ದೇವಿ ಬರುತ್ತಾಳೆ

ಮುನವಳ್ಳಿ
೭-೯-೧೯೯೮

ಚಿ. ಸೌ. ರಾಜೇಶ್ವರಿಗೆ,

ನಿನ್ನ ಅವ್ವನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಪತ್ರಕ್ಕೆ ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ತಡವಾದದ್ದು ನಿನ್ನ ಕೆಲಸಕ್ಕಾಗಿಯೇ.

ನಿನ್ನ ಅಣ್ಣ ಗೌರೀಶ ಲಾರಿ ಬಿಟ್ಟು ಮನೆ ಸೇರಿದ್ದು ನಿನಗೆ ಗೊತ್ತೇ ಇದೆ. ಕಾಲು ಮುರಿದಾಗ ನೋವಿಗೆಂದು ಹಾಕಿಸಿಕೊಂಡ ಸೂಜಿ, ಕಾಲು ಕೂಡಿದ ಮೇಲೂ ಅವನನ್ನು ಬಿಡಲಿಲ್ಲ. ಶ್ರಾವಣದಲ್ಲಿ ತಾನೇ, "ಅವ್ವಾ, ನನ್ನ ಖೋಲ್ಯಾಗ ಹಾಕಿ ಕೀಲಿ ಜಡಿ. ಎಷ್ಟ ಒದರಿದ್ರೂ ತಗೀಬ್ಯಾಡ" ಅಂದ. ಜಡಿದೆ. ಮರುದಿನವೇ ಕಣ್ಣು ಮೂಗು ಸೋರತೊಡಗಿದವು, ಮೈಯೆಲ್ಲ ಮುಳ್ಳೆದ್ದಿತು. ಉಂಡದ್ದನ್ನೆಲ್ಲ ಕಾರಿಕೊಂಡು, ಕೈಕಾಲು ಬಡಿಯುತ್ತ ಗಡಗಡ ನಡುಗಿದ. ಯವ್ವಾ, ನೋಡಲಾಗಲಿಲ್ಲ.

ಪಕ್ಕದ ಮನೆಯ ಸಾವಿತ್ರೆವ್ವ ಕಿಟಕಿಯಲ್ಲಿ ಇಣುಕಿ, "ಹುಚ್ಚಿ, ಇದು ಬ್ಯಾನಿ ಅಲ್ಲ. ಎಲ್ಲಮ್ಮ ತಾಯಿ ಮೈಮ್ಯಾಲೆ ಬಂದಾಳ" ಎಂದು ಬಾಗಿಲು ತೆಗೆಸಿ, ಅವನ ಹಣೆಗೆ ದೇವಿಯ ಭಂಡಾರದ ಅರಿಶಿನ ಬಳಿದಳು. ಕಳೆದುಹೋದ ತನ್ನ ಎಮ್ಮೆ ಎಲ್ಲಿದೆ ಎಂದು ಕೇಳಿದಳು. ಗೌರೀಶ ಹಲ್ಲು ಕಡಿಯುತ್ತ, "ಹೊಳ್ಯಾಗ ಬಿದ್ದು ಸಾಯಿ ಹೋಗ!" ಎಂದು ಬೈದ. ಎಮ್ಮೆ ಹೊಳೆಯಲ್ಲೇ ಸಿಕ್ಕಿತು! ಆಮೇಲೆ ಕೇಳಬೇಕೆ? ಅವನನ್ನು ಪಡಸಾಲೆಯ ಕಂಬಕ್ಕೆ ಕಟ್ಟಿ ಕೂರಿಸಿದೆವು. ನಿನ್ನೆ ಮೊನ್ನೆ ಅವನನ್ನು ಕಂಡು ಉಗುಳಿದವರೇ ಬಂದು ಕಾಲಿಗೆ ಬಿದ್ದರು.

ವಾರ ಕಳೆಯುವುದರೊಳಗೆ ನಡುಕ ನಿಂತಿತು. ರೊಟ್ಟಿ ಉಂಡ, ನಿದ್ದೆ ಮಾಡಿದ. "ಅದು ದೇವಿ ಅಲ್ಲವ್ವಾ, ಸೂಜಿ ಬಿಟ್ಟದ್ದರ ಸಂಕಟ. ಈಗ ಗೆದ್ದೇನಿ" ಎಂದು ನಕ್ಕ. ಜನ ಬರುವುದೂ ನಿಂತಿತು.

ಅಷ್ಟರಲ್ಲಿ ನಿನ್ನ ಪತ್ರ ಬಂತು. ದೀಪಾವಳಿಯೊಳಗೆ ನಿನಗೆ ಬಸಿರು ನಿಲ್ಲದಿದ್ದರೆ ಮಗನಿಗೆ ಇನ್ನೊಂದು ಮದುವೆ ಮಾಡುತ್ತೇನೆಂದು ನಿನ್ನತ್ತೆ ಅಂದಳಂತೆ. ಅವಳ ಬಾಯಿಗೆ ಮಣ್ಣು ಬೀಳಲಿ! ಆ ಹೆಂಗಸು ಎಲ್ಲಮ್ಮನಿಗಲ್ಲದೆ ಯಾರಿಗೂ ಹೆದರುವವಳಲ್ಲ. ಬರುವ ವಾರದ ಶುಕ್ರವಾರ ಅವಳನ್ನೂ ಕರೆದುಕೊಂಡು ಕಿತ್ತೂರಿನಿಂದ ಮುಂಜಾನೆಯ ಬಸ್ಸು ಹತ್ತು. ನಿನ್ನ ಉಡಿ ಯಾವಾಗ ತುಂಬುತ್ತದೆಂದು ಅವಳೆದುರೇ ಗೌರೀಶನ ಮೈಮೇಲಿನ ದೇವಿಯನ್ನು ಕೇಳೋಣ. ದೇವಿ ಖಂಡಿತ ಬರುತ್ತಾಳೆ.

ನಿನ್ನ ಉಡಿ ತುಂಬಲಿ, ಮಗಳೇ. ಹೊಟ್ಟೆ ತುಂಬ ಉಣ್ಣು, ಅಳಬೇಡ.

ನಿನ್ನ ಅವ್ವ,
ಸುಂದರವ್ವ

ತಾ.ಕ.: ದೇವಿ ಹೇಗೆ ಬರುತ್ತಾಳೆಂದು ಚಿಂತಿಸಬೇಡ. ಕಂಪೌಂಡರ್ ಅಂದಾನೆಪ್ಪ ದಿನಾ ಬಂದು ಗೌರೀಶನಿಗೆ ಮತ್ತೆ ಅದೇ ಸೂಜಿ ಹಾಕಿ ಹೋಗುತ್ತಾನೆ. ಬುಧವಾರ ನಿಲ್ಲಿಸಿದರೆ ಶುಕ್ರವಾರಕ್ಕೆ ಸರಿಯಾಗಿ ನಡುಕ ಹತ್ತುತ್ತದೆ. ಮೊದಲ ದಿನ ನನ್ನ ಕಾಲು ಹಿಡಿದು, "ಬ್ಯಾಡವ್ವಾ, ನಿನ್ನ ಮಗ ಅದೇನಿ, ಬ್ಯಾಡ" ಎಂದು ಅತ್ತ. ನಿನ್ನ ಸೋದರಮಾವ ಅವನನ್ನು ಅದುಮಿ ಹಿಡಿಯಬೇಕಾಯಿತು. ಈಗ ಆ ತ್ರಾಸಿಲ್ಲ. ಅಂದಾನೆಪ್ಪನ ಸೈಕಲ್ಲಿನ ಸಪ್ಪಳ ಕೇಳಿದರೆ ಸಾಕು, ತಾನೇ ಅಂಗಿಯ ತೋಳು ಏರಿಸಿಕೊಂಡು ಬಾಗಿಲಲ್ಲಿ ನಿಂತಿರುತ್ತಾನೆ.